ಮೂವತ್ತೆಂಟು ಸಾವಿರ ಹೆಜ್ಜೆ

ಟಪಾಲು ಖಾತೆಯ ಇನ್ಸ್‌ಪೆಕ್ಟರ್ ಮಡಿವಾಳಪ್ಪನವರು ಒಂದು ದುಂಡನೆಯ ಡಬ್ಬಿಯನ್ನು ಅಮಸಿದ್ದನ ಸೊಂಟದ ಪಟ್ಟಿಗೆ ತಾವೇ ಸಿಕ್ಕಿಸಿದರು. ಮುಚ್ಚಳಕ್ಕೆ ಅರಗಿನ ಮೊಹರು ಒತ್ತಿದರು. ಜೇಬುಗಡಿಯಾರದಂತೆ ಕಾಣುತ್ತಿದ್ದ ಅದು ಹೊತ್ತು ತೋರಿಸುತ್ತಿರಲಿಲ್ಲ. ಹೆಜ್ಜೆ ಇಟ್ಟಾಗೊಮ್ಮೆ ಒಳಗೆ ಟಿಕ್ಕೆಂದು ಲೆಕ್ಕ ಇಡುತ್ತಿತ್ತು.

"ಹದಿನಾಲ್ಕು ಮೈಲಂದ್ರ ಮೂವತ್ತು ಸಾವಿರ ಹೆಜ್ಜಿ ಆಗ್ತಾವು. ಐವತ್ತೇಳು ವರ್ಷದ ಮನಷ್ಯಾ ದಿನಾ ಇಷ್ಟು ನಡೀತಾನಂದ್ರ ಮ್ಯಾಲಿನವರು ನಂಬವಲ್ಲರು," ಎಂದರು. "ಖರೇ ಹೇಳಬೇಕಂದ್ರ ನನಗೂ ನಂಬಿಕಿ ಇಲ್ಲ. ಕಡಿಮಿ ಬಂತಂದ್ರ ಈ ಕೆಲಸ ಸೈಕಲ್ ಇದ್ದವಗ ಹೋಗ್ತೈತಿ ನೋಡು."

"ಆಗ್ತಾವ್ರಿ," ಎಂದ ಅಮಸಿದ್ದ.

ಅವನು ಹೇಳಿದ್ದು ಹೋದ ವರ್ಷದವರೆಗೆ ನಿಜವೇ ಆಗಿತ್ತು. ಗೊಳಸಂಗಿ ದಾರಿಯ ಆಚೆ ಈಚೆ ಹರಡಿಕೊಂಡ ಹನ್ನೊಂದು ತೋಟದ ವಸ್ತಿಗಳಿಗೆ ಹದಿನೇಳು ವರ್ಷ ಟಪಾಲು ಹಂಚಿದ ಕಾಲುಗಳು ಅವು. ಕಳೆದ ಬೇಸಿಗೆಯಲ್ಲಿ ಬಲಮೊಣಕಾಲು ಬಾತುಕೊಂಡಿತು. ಔಷಧಿ, ಎಣ್ಣೆ, ಬಿಸಿ ಇಟ್ಟಿಗೆ ಎಲ್ಲ ಮುಗಿದ ಮೇಲೆ ಹೆಂಡತಿ ಚಂದವ್ವ ಒಂದು ಬೆಳಿಗ್ಗೆ ಚೀಲಕ್ಕೆ ಕೈಹಾಕಿದಳು. "ಕುರಿ ಹಿಂದ ತಿರಗಿದಾಕಿ ನಾ. ನನಗೇನ ನಡ್ಯಾಕ ಬರೂದಿಲ್ಲೇನು?" ಎಂದಳು.

ಅಂದಿನಿಂದ ಅದೇ ಏರ್ಪಾಡು. ಊರಿನಿಂದ ಎರಡು ಮೈಲು ದೂರದ ಹುಣಸೆಮರದವರೆಗೆ ಅಮಸಿದ್ದ ಖಾಕಿ ಅಂಗಿ ತೊಟ್ಟು ಠೀವಿಯಿಂದ ಕುಂಟುತ್ತ ಹೋಗುತ್ತಿದ್ದ. ಅಲ್ಲಿಂದ ಹತ್ತು ಮೈಲಿನ ಸುತ್ತು ಚಂದವ್ವನದು. ಅವಳಿಗೆ ಓದು ಬಾರದು. ಅದಕ್ಕೇ ಅವನು ಮೊದಲ ವಸ್ತಿಯ ಕಾಗದಗಳ ದಾರಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಹನ್ನೊಂದರ ತನಕ ಗಂಟು ಹಾಕಿ ಕೊಡುತ್ತಿದ್ದ. ಒಂದು ಕಾಗದವೂ ತಪ್ಪಿರಲಿಲ್ಲ. ವಸ್ತಿಯವರೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕೆಲಸದ ವಯಸ್ಸು ಮುಗಿಯಲು ಇನ್ನು ಮೂರು ವರ್ಷ ಉಳಿದಿತ್ತು, ಅಷ್ಟು ದಾಟಿದರೆ ಸಾಕಿತ್ತು.

ಹುಣಸೆಮರದ ಕೆಳಗೆ ಅಮಸಿದ್ದ ಮೊಹರು ಒಡೆಯದಂತೆ ಡಬ್ಬಿಯನ್ನು ಪಟ್ಟಿಯಿಂದ ಬಿಚ್ಚಿ ಅವಳ ಸೊಂಟಕ್ಕೆ ಸಿಕ್ಕಿಸಿದ.

"ಕಡಿಮಿ ಬೀಳಬಾರದು," ಎಂದ.

"ಓಡಲೇನು?"

"ಬ್ಯಾಡ. ದಿನಾ ನಡದಂಗ ನಡಿ."

ಅವಳು ಕಂಬಳಿಯೊಳಗೆ ಚೀಲ ಮುಚ್ಚಿಕೊಂಡು ಹೋದಳು. ಉಳಿದ ದಿನಗಳಲ್ಲಿ ಅವನು ಮರದಡಿ ಒಂದು ನಿದ್ದೆ ತೆಗೆಯುತ್ತಿದ್ದ. ಇವತ್ತು ಕಣ್ಣು ಮುಚ್ಚಲಿಲ್ಲ. ದೂರದಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ಮಡಿವಾಳಪ್ಪನವರೇ ಬಂದರೆಂದು ಬೊಡ್ಡೆಯ ಹಿಂದೆ ಸರಿಯುತ್ತಿದ್ದ. ಬುತ್ತಿಯ ರೊಟ್ಟಿ ಬಿಚ್ಚಿದ್ದು ಹಾಗೇ ಒಣಗಿತು. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು: ಹದಿನೇಳು ವರ್ಷದ ನಡಿಗೆಯನ್ನು ಒಂದು ಡಬ್ಬಿ ಸುಳ್ಳು ಮಾಡಬಹುದಲ್ಲ ಎಂದು.

ಹೊತ್ತು ಇಳಿದಾಗ, ಅವಳು ಮರದಡಿ ಮರಳಿ ಕೊಟ್ಟ ಡಬ್ಬಿ, ಚೀಲ ಹೊತ್ತು ಅವನು ಮನೆ ಮುಟ್ಟಿದ. ಚಂದವ್ವ ಹೊಲದ ಹಾದಿ ಹಿಡಿದು ಅವನಿಗಿಂತ ಮೊದಲೇ ಬಂದು ಹಿತ್ತಿಲಿಂದ ಒಳಗೆ ಸೇರಿಕೊಂಡಿದ್ದಳು. ಕಟ್ಟೆಯ ಮೇಲೆ ಕುಳಿತಿದ್ದ ಮಡಿವಾಳಪ್ಪನವರು ಅರಗು ಒಡೆದು ಕನ್ನಡಕ ಏರಿಸಿದರು.

"ಮೂವತ್ತೆಂಟು ಸಾವಿರದ ನಾಕನೂರು."

ಅಮಸಿದ್ದನ ಮೈಯೆಲ್ಲ ಹಗುರಾಯಿತು. "ಹೇಳಿದ್ನೆಲ್ರಿ, ಕಡಿಮಿ ಬೀಳೂದಿಲ್ಲಂತ," ಎಂದು ನಕ್ಕ.

ಇನ್ಸ್‌ಪೆಕ್ಟರ್ ನಗಲಿಲ್ಲ. "ಹಾದಿ ಏನ ಬೆಳಿಲಿಲ್ಲಲ್ಲ, ಅಮಸಿದ್ದ. ಹೆಜ್ಜಿ ಹೆಚ್ಚಾದ್ವಂದ್ರ ಸಣ್ಣವು ಬಿದ್ದಾವಂತ ಆತು. ನೀ ಆರು ಫೂಟ ಆಳು. ಎಲ್ಲಿ, ಆ ಬೇವಿನ ಗಿಡದ ತನಾ ನಡದು ತೋರ್ಸು."

ಕಡಿಮೆಯಾದೀತೆಂದು ಹೆದರಿದವನಿಗೆ ಹೆಚ್ಚಾದೀತೆಂಬ ಯೋಚನೆಯೇ ಬಂದಿರಲಿಲ್ಲ. ಈಗಲೂ ಬುದ್ಧಿ ಓಡಲಿಲ್ಲ. ಮೊಣಕಾಲಿನ ನೋವು ಕಾಣಬಾರದೆಂದು ಹಲ್ಲು ಕಚ್ಚಿ, ಹಿಂದಿನಂತೆ ಬೀಸುಗಾಲು ಹಾಕಿದ. ಗಿಡ ಮುಟ್ಟಿದ ಮೇಲೆ, ದೊಡ್ಡ ಹೆಜ್ಜೆಯಿಟ್ಟು ಗುಟ್ಟನ್ನು ತಾನೇ ಬಿಟ್ಟುಕೊಟ್ಟೆನೆಂದು ತಿಳಿಯಿತು.

"ಐವತ್ತು," ಎಂದರು ಮಡಿವಾಳಪ್ಪನವರು. ಒಳಗಿನ ಕಡೆ ತಿರುಗಿ, "ಯವ್ವಾ, ಒಂದೀಟು ನೀರು ಕೊಡ್ರಿ," ಎಂದರು.

ನೀರಿನ ಹರವಿ ಇದ್ದದ್ದು ಅದೇ ಬೇವಿನ ಬುಡದಲ್ಲಿ. ಚಂದವ್ವ ತಲೆಯ ಮೇಲೆ ಸೆರಗು ಹೊದ್ದು, ಚರಿಗೆ ಹಿಡಿದು ಕಟ್ಟೆಯ ಮುಂದಿನಿಂದ ಹೋಗಿ ತುಂಬಿಕೊಂಡು ಬಂದಳು. ಅವಳು ಹೋಗಿ ಬರುವಷ್ಟು ಹೊತ್ತೂ ಇನ್ಸ್‌ಪೆಕ್ಟರರ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಅಮಸಿದ್ದ ಅದನ್ನು ನೋಡಿದ. ಕೈ ಮುಗಿಯಬೇಕೆನ್ನಿಸಿತು, ಕೈ ಏಳಲಿಲ್ಲ.

ಅವರು ನೀರು ಕುಡಿದರು. ಚಂದವ್ವನ ಒಡೆದ ಹಿಮ್ಮಡಿ, ಮೊಣಕಾಲವರೆಗೆ ಮೆತ್ತಿದ ಕೆಂಧೂಳು ನೋಡಿದರು. ಪುಸ್ತಕ ತೆರೆದು ಪೆನ್ಸಿಲ್ ಹಿಡಿದವರು ಏನೂ ಬರೆಯದೆ ಮುಚ್ಚಿದರು. ಡಬ್ಬಿಯ ಮುಳ್ಳುಗಳನ್ನು ಸೊನ್ನೆಗೆ ತಿರುಗಿಸಿ ಕಟ್ಟೆಯ ಮೇಲಿಟ್ಟರು. ಈ ಸಲ ಅರಗು ಹಚ್ಚಲಿಲ್ಲ.

"ನಾಳೆ ಇನ್ನೊಮ್ಮೆ ನೋಡೂಣು," ಎಂದರು ಯಾರ ಮುಖವನ್ನೂ ನೋಡದೆ. "ಮೂವತ್ತು ಸಾವಿರ ಬಂದ್ರ ಬರಕೊಂಡು ಹೋಗ್ತೇನಿ. ಹೆಜ್ಜಿ ಒಂದೀಟು ದೊಡ್ಡೂ ಬೀಳಬೇಕು."

ಅವರು ಓಣಿ ತಿರುಗಿ ಹೋದರು. ಆಮೇಲೆ ಚಂದವ್ವ ಸೀರೆಯನ್ನು ಎತ್ತಿ ಕಟ್ಟಿ, ಕಟ್ಟೆಯಿಂದ ಬೇವಿನ ಗಿಡದವರೆಗೆ ಕಾಲು ಅಗಲಿಸಿ ನಡೆದಳು.

"ಎಷ್ಟಾದ್ವು?"

"ಅರವತ್ತೊಂದು," ಎಂದ ಅಮಸಿದ್ದ.

ಚಂದವ್ವ ಸೆರಗಿನಿಂದ ಮುಖ ಒರೆಸಿಕೊಂಡು, ತಿರುಗಿ ಕಟ್ಟೆಯ ಹತ್ತಿರ ಬಂದು ನಿಂತಳು. ಅವನು ಮತ್ತೆ ಒಂದರಿಂದ ಎಣಿಸತೊಡಗಿದ.