ಗೌರಾಬಾಯಿಯ ಕೇಕಿಗೆ ಬಂದ ಬಿರುಗಾಳಿ

ಅಂದು ಪುಣೆಯ ಖರಾಡಿಯಲ್ಲಿ ಎದ್ದ ಗಾಳಿ, ಹಗ್ಗಕ್ಕೆ ಜೋತು ಆಫೀಸಿನ ಗಾಜು ತೊಳೆಯುವ ಮಾಂತುವನ್ನು ಹಗ್ಗ, ಬಕೆಟ್ಟು, ಸಾಬೂನು ನೀರಿನ ಸಮೇತ ಎತ್ತಿಕೊಂಡು ಹತ್ತಾರು ಮೈಲಿ ಆಚೆಯ ದೌಂಡದವರೆಗೆ ಒಯ್ದಿತ್ತು. ಅಲ್ಲಿ ಸೊಲ್ಲಾಪುರ ಗಾಡಿಯ ಗಾರ್ಡು ಹಸಿರು ಬಾವುಟ ತೋರಿಸಿದ ಮೇಲೆಯೇ ಅದು ಅವನನ್ನು ತಿರುಗಿ ತಂದು ಹನ್ನೊಂದನೇ ಮಹಡಿಯ ಗಾಜಿಗೆ ಅಪ್ಪಳಿಸಿದ್ದು. ಬಕೆಟ್ಟು ಮಗುಚಿತು, ಒಳಗಿದ್ದವರು ಬೆಚ್ಚಿಬಿದ್ದರು, ಅವರ ಕೈ ತಾಗಿ ಗೌರಾಬಾಯಿಯ ಹುಟ್ಟುಹಬ್ಬದ ಕೇಕು ನೆಲಕ್ಕೆ ಬಿತ್ತು. ಆಫೀಸು ನೋಡಿಕೊಳ್ಳುವ ಸುರಭಿ ಮೇಡಂ ಮುಂದೆ ಮಾಂತು ಒಪ್ಪಿಸಿದ ವರದಿ ಇದು.

ಆ ಕೇಕಾದರೂ ಎಂಥದು! ಟ್ರ್ಯಾಕ್ಟರಿನ ಗಾಲಿಯಷ್ಟಿತ್ತು. ಚಪ್ಪಾಳೆ ತಟ್ಟುವವರ ಸಾಲು ಆಚೆ ಬಡಾವಣೆಯ ವಿಮಾನ ನಗರ ಮುಟ್ಟಿತ್ತು. ಇಷ್ಟೆಲ್ಲ ಚಹಾ ಕೊಡುವ ಗೌರಾಬಾಯಿಗೆ. ಅವಳೂ ಮಾಂತುವೂ ವಿಜಾಪುರದ ಇಂಡಿ ಕಡೆಯವರೇ, ಇಲ್ಲಿ ಒಂದೇ ಸಿಟಿ ಬಸ್ಸಿನಲ್ಲಿ ಕೆಲಸಕ್ಕೆ ಬರುವವರೇ. ಅವಳ ಚಹಾ ಇಲ್ಲದೆ ಆಫೀಸು ನಡೆಯುವುದಿಲ್ಲವಂತೆ. ಇವನು ಗಾಜು ತಿಕ್ಕಿ ಅವರಿಗೆ ಬೆಳಕು ಬಿಟ್ಟರೆ, ಇವನು ಹಗ್ಗದ ಮೇಲೆ ಕಿಟಕಿಯೆದುರು ಇಳಿದು ಬಂದ ಕೂಡಲೇ ಒಳಗಿನವರು ಪರದೆ ಎಳೆಯುತ್ತಾರೆ. ಅವನ ಹೊಟ್ಟೆಯಲ್ಲಿ ಹತ್ತಿದ ಬೆಂಕಿಗೆ ಒಂದು ಬಕೆಟ್ಟು ನೀರು ಎಲ್ಲಿ ಸಾಕಾದೀತು?

ಸುರಭಿ ಮೇಡಂ ಬೆಂಗಳೂರಿನವಳು. ಎಲ್ಲ ಕೇಳಿ, “ಅಷ್ಟು ಗಾಳಿ ಇದ್ರೆ ನಿಮ್ಮನ್ನ ಹಗ್ಗದ ಮೇಲೆ ಇಳಿಸಿದ್ದು ಯಾರು?” ಎಂದಳು.

ಮಾಂತು ಇದನ್ನು ಯೋಚಿಸಿರಲಿಲ್ಲ. ಗಾಳಿ ನೋಡಿ ಇಳಿಸುವುದು ಟೆರೇಸಿನ ಮೇಲೆ ಹಗ್ಗ ಕಾಯುವ ಸಿದ್ರಾಮಪ್ಪನ ಕೆಲಸ. ಬಿರುಸು ಗಾಳಿಯಲ್ಲಿ ಆಳು ಇಳಿಸಿದವನಿಗೆ ಮರುದಿನ ಕೆಲಸವಿಲ್ಲ.

“ಸಿದ್ರಾಮಪ್ಪ ಅಲ್ವಾ? ಕರೀರಿ. ಇವತ್ತೇ ಲಾಸ್ಟ್ ಡೇ ಅವ್ರಿಗೆ.”

ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಗೌರಾಬಾಯಿ ಮೆಲ್ಲಗೆ ಅಂದಳು, “ಮಾಂತೂ, ಆ ಮುದುಕ ದಿನಾ ನಿನ್ನ ಜೀವಾ ಕಾಯ್ಕೋತ ಮ್ಯಾಲೆ ನಿಂದರ್ತಾನ. ಈಗರ ಖರೇ ಹೇಳೋ.”

“ಅಂದ್ರ... ದೌಂಡದ ತನಕ ಇಲ್ರಿ, ಮೇಡಂ. ಇಲ್ಲೇ ಹಡಪ್ಸರ ತನಕ ಅಷ್ಟ ಹೋಗಿದ್ದೆ.”

“ಮಾಂತೂ,” ಗೌರಾಬಾಯಿ ಮತ್ತೆ ಅಂದಳು.

ಈ ಸಲ ಅವನಿಂದ ಹೊರಟ ಧ್ವನಿ ಅವನಿಗೇ ಗುರುತು ಸಿಗಲಿಲ್ಲ, ಅಷ್ಟು ಸಣ್ಣದಿತ್ತು.

“ಗಾಳಿ ಇರಲಿಲ್ರಿ. ಗಿಡದ ಎಲಿ ಸುದ್ದಾ ಅಳ್ಳಾಡತಿರಲಿಲ್ಲ. ನಾನ ಬಕೆಟ್ ಎತ್ತಿ ಗಾಜಿಗೆ ನೀರು ಉಗ್ಗಿದೆ. ನೀವೆಲ್ಲಾ ಈ ಅಕ್ಕನ ಬಾಯಾಗ ಕೇಕ್ ಇಡೂದು ನೋಡಿ ಹೊಟ್ಟಿ ಉರೀತು. ನಾನೂ ಇದ ಆಫೀಸಿಗೆ ದುಡೀತೀನ್ರಿ. ಸಿದ್ರಾಮಪ್ಪಂದು ಏನೂ ತಪ್ಪಿಲ್ಲ. ತೆಗೆಯೂದಿದ್ರ ನನ್ನ ತೆಗೀರಿ.”