ಗುಬ್ಬಿಯ ಮೊದಲ ಕುರಿ

“ಕೊಡಿ ಇಲ್ಲಿ ಕತ್ತರಿ, ನಾನೇ ತೋರಿಸ್ತೀನಿ” ಎಂದು ಟೀಚರಮ್ಮ ಅಭ್ಯಾಸಬಲದಿಂದ ಬಲಗೈ ಚಾಚಿದರು. ಮೊಣಕೈವರೆಗೆ ಬಿಗಿದಿದ್ದ ಪ್ಲಾಸ್ಟರು ಮೇಲಕ್ಕೆದ್ದಿತು. ಕೊಟ್ಟಿಗೆಯಲ್ಲಿದ್ದ ಹುಡುಗ ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರಮ್ಮನಿಗೂ ನಗು ಬಂತು, ಆದರೆ ಒಳಗೊಳಗೇ ಕಸಿವಿಸಿ. ಕುರಿ ಸಾಕಣೆ ಶಾಲೆಯಲ್ಲಿ ಉಣ್ಣೆ ಕತ್ತರಿಸುವುದನ್ನು ಕಲಿಸುತ್ತಲೇ ಅವರ ತಲೆ ನರೆತಿತ್ತು. ಮಕ್ಕಳ ಕೈ ತುಸು ನಡುಗಿದರೂ ತಟ್ಟನೆ ಕತ್ತರಿ ಕಿತ್ತುಕೊಂಡು ತಾವೇ ಮುಗಿಸಿಬಿಡುವುದು ಅವರ ಪದ್ಧತಿ. ಹೋದ ವಾರ ಟಗರೊಂದು ಗುದ್ದಿ ಮಣಿಕಟ್ಟು ಮುರಿದಿತ್ತು. ಈಗ ಉಳಿದಿದ್ದು ಬಾಯಿ ಮಾತ್ರ.

“ಗುಬ್ಬಿ, ಬಾಮ್ಮ.”

ತರಗತಿಗೆಲ್ಲ ಸಣ್ಣಗಿದ್ದ ಆ ಹುಡುಗಿ ಕಂಬದ ಮರೆಯಿಂದ ಇಣುಕಿದಳು. ಕಳೆದ ಸಲ ಅವಳ ಕತ್ತರಿ ತಾಗಿ ಕುರಿಗೆ ರಕ್ತ ಬಂದಿತ್ತು. ಅಂದಿನಿಂದ ಕತ್ತರಿ ಮುಟ್ಟಿರಲಿಲ್ಲ.

“ನನ್ನಿಂದಾಗಲ್ಲ ಟೀಚರ್. ಪಾಪ, ಮತ್ತೆ ಗಾಯ ಆಗತ್ತೆ.”

“ಆ ಭಯ ಇರೋ ಕೈಯೇ ನನಗೆ ಬೇಕು. ಭಂಡ ಧೈರ್ಯದವರು ಇಲ್ಲಿ ಬೇಕಾದಷ್ಟಿದಾರೆ.”

“ಥ್ಯಾಂಕ್ಸ್ ಟೀಚರ್!” ಹಿಂದಿನಿಂದ ಯಾರೋ ಕೂಗಿದರು.

ಗುಬ್ಬಿ ಕತ್ತರಿ ತೆಗೆದುಕೊಂಡಳು. ಕುರಿಯೊಂದನ್ನು ಹಿಡಿದು ಕುಂಡೆಯ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮಂಡಿಗಳಿಗೆ ಒರಗಿಸಿಕೊಂಡಳು.

“ಹೊಟ್ಟೆಯಿಂದ ಶುರು ಮಾಡು. ಎಡಗೈಲಿ ಚರ್ಮ ಎಳೆದು ಹಿಡಿ. ಸುಕ್ಕಿದ್ರೆ ಕತ್ತರಿ ಕಚ್ಚತ್ತೆ.”

ಅರ್ಧ ಹೊಟ್ಟೆಯಾಗುವಷ್ಟರಲ್ಲಿ ಕುರಿ ಝಾಡಿಸಿ ಒದ್ದಿತು. ಗುಬ್ಬಿ ಕತ್ತರಿಯನ್ನು ಮುಂದೆ ಚಾಚಿದಳು. “ತಗೊಳ್ಳಿ ಟೀಚರ್, ತಗೊಂಡುಬಿಡಿ!”

ಟೀಚರಮ್ಮನ ಎಡಗೈ ಮುಂದಕ್ಕೆ ಬಂತು. ಅದನ್ನು ಬಲವಂತವಾಗಿ ಬೆನ್ನ ಹಿಂದಕ್ಕೆ ಒಯ್ದರು.

“ನಿನ್ನ ಮಂಡಿ ದೂರ ಹೋಯ್ತು ಕಣೆ. ಆಸರೆ ತಪ್ಪಿತು ಅಂತ ಗಾಬರಿಯಾಯ್ತು ಅದಕ್ಕೆ. ಹತ್ರ ನಿಲ್ಲು.”

ಗುಬ್ಬಿ ಒತ್ತಿ ನಿಂತಳು. ಕುರಿ ಉಸಿರು ಬಿಟ್ಟು, ತಲೆಯನ್ನು ಅವಳ ತೊಡೆಗೆ ಒರಗಿಸಿತು. ಈಗ ಅವಳ ಎಡಗೈ ಮುಂದೆ ಮುಂದೆ ಹೋಗಿ ಚರ್ಮವನ್ನು ಸವರಿ ದಾರಿ ಮಾಡುತ್ತಿತ್ತು, ಅದರ ಹಿಂದೆಯೇ ಕತ್ತರಿ. ಮಡಿಕೆ ಬಂದಲ್ಲೆಲ್ಲ ಬೆರಳು ಮೊದಲು ನಿಲ್ಲುತ್ತಿತ್ತು. ಹೀಗೆ ಸವರುವುದನ್ನು ಟೀಚರಮ್ಮ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕೆಂದಿದ್ದ ಮುಂದಿನ ಮಾತು ಅವರಿಗೆ ಮರೆತೇ ಹೋಯಿತು.

ಬೆನ್ನಿನ ಉಣ್ಣೆ ಕಂಬಳಿಯಂತೆ ಒಂದೇ ತುಂಡಾಗಿ ಕಳಚಿಕೊಂಡಿತು. ಹೊರಗೆಲ್ಲ ಕೊಳೆ, ಒಳಮಗ್ಗುಲು ಹಾಲಿನ ಕೆನೆ. ಮೇಜಿನ ಮೇಲೆ ಹರಡಿದ್ದೇ ತಡ, ಹುಡುಗರೆಲ್ಲ ಮುಗಿಬಿದ್ದರು.

“ಎಳೆ ನೋಡ್ರೋ, ಹೇಗೆ ಅಲೆ ಅಲೆಯಾಗಿದೆ. ಆ ಅಲೆಗಳ ನಡುವೆ ಗಾಳಿ ಸೇರಿಕೊಳ್ಳತ್ತೆ. ನಮ್ಮನ್ನ ಬೆಚ್ಚಗಿಡೋದು ಅದೇ.”

“ಕೈಯೆಲ್ಲ ಜಿಡ್ಡಾಯ್ತು ಟೀಚರ್.”

“ಕುರಿದೇ ಜಿಡ್ಡು ಅದು. ಮಳೆನೀರು ಒಳಗಿಳೀಬಾರ್ದಲ್ಲ!”

ಗುಬ್ಬಿ ಮಾತ್ರ ಅತ್ತ ಬರಲಿಲ್ಲ. ನೆಲಕ್ಕೆ ಮಂಡಿಯೂರಿ ಕುರಿಯ ಕತ್ತು, ಬಗಲು, ಕೆಚ್ಚಲಿನ ಸುತ್ತ ಬೆರಳಾಡಿಸಿ ಹುಡುಕುತ್ತಿದ್ದಳು.

“ಎಲ್ಲೂ ಗಾಯ ಇಲ್ಲ ಟೀಚರ್,” ಎಂದಳು.

“ನೋಡಿದೆ ಕಣಮ್ಮ,” ಎಂದರು ಟೀಚರಮ್ಮ. “ನಾಳೆ ಇವರಿಗೆಲ್ಲ ನಿನ್ನ ಎಡಗೈ ಕೆಲಸ ತೋರಿಸಿಕೊಡು. ನಾನೂ ನೋಡ್ತೀನಿ.”

ಗುಬ್ಬಿ ಗೇಟು ತೆಗೆದಳು. ಅಂಗಳದಲ್ಲಿದ್ದ ಮರಿಯೊಂದು ಓಡೋಡಿ ಬಂದು, ಬೆಳ್ಳಗೆ ತೆಳ್ಳಗಾಗಿದ್ದ ತಾಯಿಯನ್ನು ಕಂಡು ಗಕ್ಕನೆ ನಿಂತಿತು, ಹಿಂದೆ ಸರಿಯಿತು. ಕುರಿ ಒಮ್ಮೆ ಅರಚಿತು. ಮರಿ ಕಿವಿ ನಿಮಿರಿಸಿತು. ಮರುಕ್ಷಣ ಹೊಟ್ಟೆಯಡಿಗೆ ತಲೆ ತೂರಿಸಿ, ಬಾಲ ಅಲ್ಲಾಡಿಸತೊಡಗಿತು.