ಕಾಲರ್ ಸಾಲಿನ ನಾಯಕಿ

"ಏನೇ ಲೌಡಿ, ನಿನ್ ಮಿಷನ್ ಬಿಟ್ಟು ಅವಳ ಮಿಷನ್ ಮೇಲೆ ಯಾಕ್ ಬಗ್ಗಿದ್ದೀಯ? ಇದೇನ್ ನಿನ್ ತವರುಮನೆನಾ?"

ಮೇಸ್ತ್ರಿ ಎಸೆದ ಅಂಗಿ ಚಿಕ್ಕಮ್ಮನ ಮುಖಕ್ಕೆ ಬಡಿದು ಕಾಲ ಬಳಿ ಬಿತ್ತು. ಹೊಸದಾಗಿ ಸೇರಿದ್ದ ಬಸುರಿ ಹುಡುಗಿಯ ಮಿಷನ್ನಿನಲ್ಲಿ ದಾರ ಸಿಕ್ಕುಬಿದ್ದಿತ್ತು, ಚಿಕ್ಕಮ್ಮ ಬಿಡಿಸಿಕೊಡಲು ಎದ್ದಿದ್ದಳು, ಅಷ್ಟೇ. ಆ ಗಾರ್ಮೆಂಟ್ಸ್ ಕಾರ್ಖಾನೆಯ ಅರ್ಧ ಹುಡುಗಿಯರು ಅಂಗಿಗೆ ಕಾಲರ್ ಕೂರಿಸಲು ಕಲಿತದ್ದು ಅವಳ ಕೈಕೆಳಗೆ. ಎಲ್ಲರ ಬಾಯಲ್ಲೂ ಅವಳು ಚಿಕ್ಕಮ್ಮ. ಕಲಿಸಿದ್ದಕ್ಕೆ ಸಿಗುತ್ತಿದ್ದ ಬಹುಮಾನ ಮಾತ್ರ ಇಂಥ ಸಹಸ್ರನಾಮಾರ್ಚನೆ.

"ಬಸುರಿ ಅಲ್ವಾ ಸ್ವಾಮಿ, ಬಗ್ಗೋಕಾಗಲ್ಲ..."

"ಬಸುರು ನಾನ್ ಮಾಡಿದ್ನಾ?" ಎಂದ ಮೇಸ್ತ್ರಿ. ತನ್ನ ಮಾತಿಗೆ ತಾನೇ ನಕ್ಕ.

ಇದೇ ಮಹಾನುಭಾವ ಮುಂದಿನ ವಾರ ಹಲ್ಲು ಗಿಂಜುತ್ತಾ ಅದೇ ಚಿಕ್ಕಮ್ಮನ ಹೆಗಲಿಗೆ ಮಿಂಚುವ ಪಟ್ಟಿ ತೊಡಿಸಿದ. ಪಟ್ಟಿಯ ಮೇಲೆ 'ನಾಯಕಿ' ಎಂದು ಬರೆದಿತ್ತು. ಆಫೀಸಿನವರಿಗೆ ಏಕಾಏಕಿ ಜ್ಞಾನೋದಯವಾಗಿತ್ತು. ನಡುವಯಸ್ಸಿನ ಹೆಂಗಸರೊಳಗೆ ನಾಯಕತ್ವ ನಿದ್ದೆ ಹೋಗಿದೆಯಂತೆ, ಅದನ್ನು ಎಬ್ಬಿಸಬೇಕಂತೆ. ಎಬ್ಬಿಸಲೆಂದೇ ಬಂದ ತರಬೇತಿ ಮೇಡಂ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದಳು.

"ನಿಮ್ಮೊಳಗೆ ಒಂದು ಬೆಂಕಿ ಇದೆ. ಅದನ್ನ ಅನುಭವಿಸಿ!"

"ಇದೆ ಮೇಡಂ, ಮುಟ್ಟು ನಿಲ್ಲೋ ಕಾಲ. ಒಂದ್ ಫ್ಯಾನ್ ಹಾಕ್ಸಿ ಪುಣ್ಯ ಬರುತ್ತೆ," ಎಂದಳು ಗುಂಡಿ ಹಚ್ಚುವವಳು. ಕಣ್ಣು ಮುಚ್ಚಿದವರಲ್ಲಿ ಇಬ್ಬರು ಆಗಲೇ ಗೊರಕೆ ಹೊಡೆಯುತ್ತಿದ್ದರು.

ಚಿಕ್ಕಮ್ಮನಿಗೂ ನಗು ಬಂತು. ಆದರೆ ಸುಳ್ಳೇಕೆ, ಖುಷಿಯೂ ಆಯಿತು. ಪಟ್ಟಿಯನ್ನು ಮನೆಗೆ ಒಯ್ದು ತೋರಿಸಿದರೆ ಗಂಡ, "ನಾಯಕಿಯಂತೆ! ಮೊದ್ಲು ನೀರು ಕಾಯ್ಸು ಹೋಗು," ಎಂದಿದ್ದ. ಹುಟ್ಟಿದಂದಿನಿಂದ ಅವಳನ್ನು ಯಾರೂ ನಾಲ್ಕು ಜನರೆದುರು ಹೊಗಳಿದ್ದಿಲ್ಲ.

ಆ ಖುಷಿಯೇ ಕೆಡಿಸಿತು. ನಾಯಕಿ ಹೊಲಿಯುವುದನ್ನು ನೋಡಲು ಗಡಿಯಾರದವನು ಬಂದ. ಒಂದು ಕಾಲರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದು, ಇಡೀ ಸಾಲು ದಿನಕ್ಕೆ ಎಷ್ಟು ಹೊಲಿಯಬೇಕೆಂದು ಗೊತ್ತು ಮಾಡುವುದು ಅವನ ಕೆಲಸ. ಅವನು ಬಂದಾಗ ಕೈ ಭಾರ ಮಾಡಿಕೊಂಡು ನಿಧಾನಕ್ಕೆ ಹೊಲಿಯಬೇಕೆಂಬುದು ಸಾಲಿನ ಹೆಂಗಸರ ಕಟ್ಟಳೆ. ಹೊಸಬರಿಗೆ ದಾರ ಪೋಣಿಸುವುದಕ್ಕೂ ಮೊದಲು ಅದನ್ನು ಹೇಳಿಕೊಡುತ್ತಿದ್ದವಳು ಚಿಕ್ಕಮ್ಮನೇ. ಅಂದು ಮಾತ್ರ ಮೇಡಂ "ತೋರಿಸಿ ನಾಯಕಿ!" ಎಂದು ಚಪ್ಪಾಳೆ ತಟ್ಟಿದ್ದೇ ತಡ, ಅವಳ ಕೈ ಕಟ್ಟಳೆ ಮರೆತು ಓಡಿತು.

ಮರುದಿನ ಬೋರ್ಡಿನ ಮೇಲೆ ಅವಳ ವೇಗವೇ ಎಲ್ಲರ ಲೆಕ್ಕವಾಗಿತ್ತು. ಅಷ್ಟು ಮುಗಿಸದವರು ಊಟಕ್ಕೆ ಹೋಗುವಂತಿಲ್ಲ, ಕಕ್ಕಸಿಗೆ ಏಳುವಂತಿಲ್ಲ.

ಮಧ್ಯಾಹ್ನ ಬಸುರಿ ಹುಡುಗಿ ಕೂತಲ್ಲೇ ಒದ್ದೆಯಾದಳು.

"ಥೂ, ಬಟ್ಟೆಗೆ ತಾಗಿದ್ರೆ ನಿನ್ ಚರ್ಮ ಸುಲೀತೀನಿ!" ಎಂದು ಮೇಸ್ತ್ರಿ ಮೂಗು ಮುಚ್ಚಿಕೊಂಡ. ಚಿಕ್ಕಮ್ಮ ಒರೆಸಲು ಬಗ್ಗಿದಳು. ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು.

"ಬಿಡಿ ನಾಯಕಿ ಅವ್ರೇ. ನಿಮಗ್ಯಾಕೆ ಈ ಗಲೀಜು."

ಇಷ್ಟು ವರ್ಷದ ಮೇಸ್ತ್ರಿಯ ಬೈಗುಳವೆಲ್ಲ ಸೇರಿದರೂ ಅವಳಿಗೆ ಹೀಗೆ ಉರಿದಿರಲಿಲ್ಲ. ಒರೆಸುವ ಬಟ್ಟೆ ಹಿಡಿದುಕೊಂಡೇ ಅತ್ತಳು.

ವಾರ ಕಳೆಯುವ ಮೊದಲೇ ಅಂಗಿ ಕೊಳ್ಳುವ ದೊಡ್ಡ ಮಂದಿ ಬಂದರು. ನಾಯಕಿ ಕಲಿಸುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಜೊತೆಗೆ ಗಡಿಯಾರದವನೂ ಬಂದ. ಇವತ್ತು ಅವಳ ಕೈ ಇನ್ನಷ್ಟು ಓಡಿದರೆ ಬೋರ್ಡಿನ ಲೆಕ್ಕ ಇನ್ನಷ್ಟು ಏರುತ್ತದೆ ಎಂದು ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳ ಮುಖ ನೋಡಲಿಲ್ಲ.

"ಜೋರಾಗ್ ಹೊಲೀಬೇಕು. ನನ್ ಮಾನ ಕಳೀಬೇಡ," ಎಂದು ಮೇಸ್ತ್ರಿ ಪಿಸುಗುಟ್ಟಿದ. ಇಲ್ಲದ್ದನ್ನು ಕಳೆಯುವುದು ಹೇಗೋ.

ಗಡಿಯಾರ ಓಡತೊಡಗಿತು. ಚಿಕ್ಕಮ್ಮ ಹೊಲಿದಿಟ್ಟಿದ್ದ ಅಂಗಿಯೊಂದನ್ನು ಎತ್ತಿಕೊಂಡು, ಸೂಜಿಮೊನೆಯಿಂದ ಅದರ ಕಾಲರನ್ನು ಬಿಚ್ಚತೊಡಗಿದಳು. ಒಂದು ಹೊಲಿಗೆ. ಆಮೇಲೆ ಇನ್ನೊಂದು.

"ಏನ್ ಮಾಡ್ತಿದ್ದೀಯೇ? ಹೊಲಿ!"

"ಕಲಿಸ್ತಿದ್ದೀನಿ ಸ್ವಾಮಿ. ಕೆಟ್ಟಿದ್ದನ್ನ ಬಿಚ್ಚೋದು ಮೊದ್ಲು ಕಲೀಬೇಕು." ಅವಳು ಸಾಲಿನ ಕಡೆ ತಿರುಗಿದಳು. "ಅವತ್ತು ನಾನು ಓಡಿ ನಿಮ್ ಕೊರಳು ಕೊಯ್ದೆ ಕಣ್ರೇ. ತಪ್ಪು ನಂದೇ. ಇವತ್ತು ಸರಿಯಾಗ್ ನೋಡ್ಕೊಳ್ಳಿ."

ಮೊದಲು ಬಸುರಿ ಹುಡುಗಿ ಮಿಷನ್ ನಿಲ್ಲಿಸಿ ಅಂಗಿಯೊಂದನ್ನು ಮಡಿಲಿಗೆಳೆದುಕೊಂಡು ಕಾಲರ್ ಬಿಚ್ಚತೊಡಗಿದಳು. ಆಮೇಲೆ ಗುಂಡಿ ಹಚ್ಚುವವಳು, ಅವಳ ಪಕ್ಕದವಳು. ಮಿಷನ್ನುಗಳ ಸದ್ದು ಸಾಲಿನುದ್ದಕ್ಕೂ ಅಡಗುತ್ತಾ ಹೋಯಿತು. ಕೊಳ್ಳುವವರು ಏನೆಂದು ಕೇಳಿದ್ದಕ್ಕೆ ಮೇಡಂ, "ಇದು... ಗುಣಮಟ್ಟದ ಪಾಠ," ಎಂದು ಬೆವರೊರೆಸಿಕೊಂಡಳು.

ಮೇಸ್ತ್ರಿ ಚಿಕ್ಕಮ್ಮನ ಕಿವಿಯ ಹತ್ತಿರ ಬಗ್ಗಿದ. "ಇವತ್ತೇ ನಿನ್ನ ಗೇಟಿನಾಚೆ ಎಸೀತೀನಿ, ಮುದಿ ಲೌಡಿ."

"ಎಸೀರಿ. ಇಷ್ಟೂ ಜನಾನ ಎಸೆಯೋಕೆ ರಟ್ಟೇಲಿ ತಾಕತ್ತಿದ್ಯಾ ನೋಡ್ಕೊಂಡು ಎಸೀರಿ."

ಅವಳಿಗೆ ಭಯವಾಗಿತ್ತು. ಬಿಚ್ಚಿದ ಕಾಲರನ್ನು ಪಕ್ಕಕ್ಕಿಟ್ಟು ಎರಡನೆಯ ಅಂಗಿ ಎತ್ತಿಕೊಂಡಳು.